ಅವಧಿ ಮುಗಿದ ಕಾವಲು

ಲಂಡನ್ನಿನ ಹೌನ್ಸ್ಲೋ ವೆಸ್ಟ್ ಸ್ಟೇಷನ್ನಿನ ಸುತ್ತಲಿನ ಬೀದಿಗಳಲ್ಲಿ ಮನೆಗಳು ಜೋಡಿಜೋಡಿಯಾಗಿ ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತವೆ. ಮಹಡಿಯಲ್ಲಿ ಮಲಗುವ ಕೋಣೆ ಎರಡು. ಪಕ್ಕದಲ್ಲಿ, ಮಂಚ ಹಾಕಿದರೆ ಕಾಲಿಡಲು ಜಾಗ ಉಳಿಯದ ಮೂರನೆಯದೊಂದು. ಅದಕ್ಕೆ ಇಲ್ಲಿ ಬಾಕ್ಸ್ ರೂಮ್ ಎನ್ನುತ್ತಾರೆ. ಊರಿಗೆ ಹೊರಟಾಗ ಮಾತ್ರ ನೆನಪಾಗುವ ಸೂಟ್‌ಕೇಸುಗಳು, ಇಸ್ತ್ರಿ ಹಲಗೆ, ಸೋನಾ ಮಸೂರಿ ಅಕ್ಕಿಯ ಚೀಲ, ಇವುಗಳ ನಡುವೆ ಮನೆಯ ಕಂಪ್ಯೂಟರೂ ಅಲ್ಲೇ ಇರುತ್ತದೆ. ಮಕ್ಕಳ ಹೋಂವರ್ಕು, ಬ್ಯಾಂಕಿನ ವ್ಯವಹಾರ, ಕೌನ್ಸಿಲ್ ಟ್ಯಾಕ್ಸು, ಊರಿನ ಅಪ್ಪ-ಅಮ್ಮನ ಜೊತೆ ಭಾನುವಾರದ ವಿಡಿಯೊ ಮಾತು, ಎಲ್ಲಕ್ಕೂ ಅದೊಂದೇ. ಅದರ ಪರದೆಯ ಬಲಮೂಲೆಯಲ್ಲಿ ವರ್ಷಕ್ಕೊಮ್ಮೆ ಒಂದು ಕೆಂಪು ಚೌಕ ಎದ್ದುಬರುತ್ತದೆ. ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, ನೀವು ಅಪಾಯದಲ್ಲಿದ್ದೀರಿ, ಈಗಲೇ ನವೀಕರಿಸಿ. ಇದನ್ನು ಕಂಡ ಮನೆಯವರು ಮೂರು ಬಗೆ. ಒಂದು ಬಗೆಯವರು ಮೂಲೆಯ ಕತ್ತರಿ ಗುರುತನ್ನು ಒತ್ತಿ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ನಾಳೆ ಮತ್ತೆ ಬಂದರೆ ಮತ್ತೆ ಒತ್ತುತ್ತಾರೆ. ಇನ್ನೊಂದು ಬಗೆಯವರು ಗಾಬರಿಯಿಂದ ಕಾರ್ಡು ತೆಗೆದು ಎಪ್ಪತ್ತೋ ಎಂಬತ್ತೋ ಪೌಂಡು ಕಟ್ಟಿ ನಿಟ್ಟುಸಿರು ಬಿಡುತ್ತಾರೆ. ಮೂರನೆಯವರು ಪರದೆಯ ಮೇಲೆ ಕಂಡ ಫೋನ್ ನಂಬರಿಗೆ ಕರೆ ಮಾಡುತ್ತಾರೆ. ಮೊದಲನೆಯವರನ್ನು ಸೋಮಾರಿಗಳೆಂದೂ ಎರಡನೆಯವರನ್ನು ಜವಾಬ್ದಾರರೆಂದೂ ಮೂರನೆಯವರನ್ನು ಪೆದ್ದರೆಂದೂ ಕರೆಯುವುದು ರೂಢಿ. ನನ್ನ ವಾದವೇನೆಂದರೆ ಮೂವರದೂ ಒಂದೇ ತಪ್ಪು. ಕಂಪನಿಗೆ ಹಣ ಕಟ್ಟುವುದನ್ನೂ ಕಂಪ್ಯೂಟರನ್ನು ಕಾಯುವುದನ್ನೂ ಮೂವರೂ ಒಂದೇ ಎಂದು ತಿಳಿದಿದ್ದಾರೆ. ಹಾಗೆ ತಿಳಿಯುವಂತೆ ಅವರನ್ನು ಪಳಗಿಸಲಾಗಿದೆ.

ಅವಧಿ ಮುಗಿಯುವುದು ಅಂದರೇನು ಎಂಬುದನ್ನು ಮೊದಲು ಬಿಡಿಸಿಕೊಳ್ಳೋಣ. ಆಂಟಿವೈರಸ್ಸಿನ ಮೂಲ ಕೆಲಸ ಸರಳ. ಗೊತ್ತಿರುವ ಕೇಡಿಗಳ ಒಂದು ಪಟ್ಟಿ ಅದರ ಬಳಿ ಇರುತ್ತದೆ. ಒಳಗೆ ಬರುವ ಪ್ರತಿ ಕಡತವನ್ನೂ ಆ ಪಟ್ಟಿಗೆ ಹೋಲಿಸಿ ನೋಡುತ್ತದೆ. ಈಚಿನವು ಇಷ್ಟಕ್ಕೇ ನಿಲ್ಲದೆ, ಪ್ರೋಗ್ರಾಮಿನ ನಡತೆಯ ಮೇಲೂ ಕಣ್ಣಿಡುತ್ತವೆ. ಇದ್ದಕ್ಕಿದ್ದಂತೆ ಮನೆಯ ಫೋಟೊಗಳಿಗೆಲ್ಲ ಬೀಗ ಜಡಿಯಲು ಹೊರಟಿತೋ, ತಡೆಯುತ್ತವೆ. ಅನುಮಾನ ಬಂದ ಕಡತದ ಬಗ್ಗೆ ದೂರದ ಸರ್ವರನ್ನು ವಿಚಾರಿಸುತ್ತವೆ. ಹೊಸ ಕೇಡು ದಿನವೂ ಹುಟ್ಟುವುದರಿಂದ ಪಟ್ಟಿಯೂ ದಿನವೂ ಬೆಳೆಯಬೇಕು. ಲೈಸೆನ್ಸಿನ ಅವಧಿ ಮುಗಿಯಿತು ಎಂದರೆ ಕಂಪನಿ ನಿಮಗೆ ಹೊಸ ಪಟ್ಟಿ ಕಳಿಸುವುದನ್ನು ನಿಲ್ಲಿಸಬಹುದು ಎಂದು ಅರ್ಥ. ಒಳಗಿನ ಯಂತ್ರ ಕೆಡುವುದಿಲ್ಲ, ಅದರ ತಿಳಿವಳಿಕೆ ಅಂದಿನ ತಾರೀಖಿಗೆ ನಿಂತುಬಿಡುತ್ತದೆ. ಈ ಚಂದಾ ಪದ್ಧತಿ ಹುಟ್ಟಿದ್ದಕ್ಕೆ ಆಗ ನ್ಯಾಯವಾದ ಕಾರಣವಿತ್ತು. ಪಿ.ಸಿ.ಗಳ ಮೊದಲ ದೊಡ್ಡ ವೈರಸ್ ಎನಿಸಿದ ಬ್ರೇನ್ 1986ರಲ್ಲಿ ಲಾಹೋರಿನಿಂದ ಹೊರಟಾಗ, ಅದನ್ನು ಬರೆದ ಅಣ್ಣತಮ್ಮಂದಿರು ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಅದರೊಳಗೇ ಬರೆದಿಟ್ಟಿದ್ದರು. ಅಂಥ ಮರ್ಯಾದಸ್ಥ ಕಾಲ. ಆ ಹೊತ್ತಿಗೆ ಇಲ್ಲಿಯ ಆಕ್ಸ್‌ಫರ್ಡ್‌ಶೈರಿನಲ್ಲಿ ಸೋಫೋಸ್ ಕಂಪನಿ ಶುರುವಾಗಿತ್ತು. ಸ್ವಲ್ಪದರಲ್ಲೇ ಅಲನ್ ಸಾಲೊಮನ್ ಎಂಬವರ ಟೂಲ್‌ಕಿಟ್ ಬಂತು, ಅಮೆರಿಕದಲ್ಲಿ ಮೆಕಾಫಿ ಬಂತು. ಹೊಸ ವೈರಸ್ ಹುಡುಕುವವರಿಗೆ ಸಂಬಳ, ಫ್ಲಾಪಿಗೆ ಬೆಲೆ, ಅಂಚೆಗೆ ವೆಚ್ಚ. ಹಣ ಕೇಳಿದ್ದು ತಪ್ಪಲ್ಲ. ಆದರೆ ಈಗ ಫ್ಲಾಪಿಯೂ ಇಲ್ಲ, ಅಂಚೆಯೂ ಇಲ್ಲ. 2009ರಲ್ಲಿ ಮೈಕ್ರೋಸಾಫ್ಟ್ ತನ್ನದೇ ಆಂಟಿವೈರಸ್ಸನ್ನು ಬಿಟ್ಟಿ ಕೊಡತೊಡಗಿತು; 2012ರ ವಿಂಡೋಸ್ 8ರಿಂದ ಈಚೆಗೆ ಅದು ಡಿಫೆಂಡರ್ ಎಂಬ ಹೆಸರಿನಲ್ಲಿ ಕಂಪ್ಯೂಟರಿನ ಜೊತೆಗೇ ಬರುತ್ತದೆ. ಹೊರಗಿನ ಆಂಟಿವೈರಸ್ ಇದ್ದರೆ ಡಿಫೆಂಡರ್ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಹೊರಗಿನದು ಹೋದರೆ ಮತ್ತೆ ಕಾವಲಿಗೆ ಬರುತ್ತದೆ. ಅಂದರೆ ಕೆಂಪು ಚೌಕ ಹೇಳುವ ಹಾಗೆ ಮನೆ ಬಟ್ಟಬಯಲಾಗುವುದಿಲ್ಲ. ಚೌಕದಲ್ಲಿ ಆ ಮಾತು ಮಾತ್ರ ಇರುವುದಿಲ್ಲ.

ಹಾಗಾದರೆ ಕತ್ತರಿ ಗುರುತು ಒತ್ತಿದವರೇ ಜಾಣರೆ? ಅಲ್ಲ. ಹಣ ಕಟ್ಟಬೇಕೋ ಬೇಡವೋ ಎಂಬುದು ಒಂದು ಪ್ರಶ್ನೆ, ಕಂಪ್ಯೂಟರನ್ನು ಹೊಸದಾಗಿಟ್ಟುಕೊಳ್ಳಬೇಕೋ ಬೇಡವೋ ಎಂಬುದು ಪೂರ್ತಿ ಬೇರೆ. ಎರಡನೆಯದು ಎಷ್ಟು ಗಂಭೀರ ಎಂಬುದಕ್ಕೆ 2014ರ ಜೂನ್ 2ರಂದು ಈ ದೇಶದಲ್ಲಿ ನಡೆದದ್ದೇ ಸಾಕ್ಷಿ. ಅಂದು ಬ್ರಿಟನ್ನಿನ ರಾಷ್ಟ್ರೀಯ ಅಪರಾಧ ಸಂಸ್ಥೆ ಮನೆಮನೆಯ ಕಂಪ್ಯೂಟರ್ ಬಳಕೆದಾರರಿಗೆ ಒಂದು ಗಡುವು ಕೊಟ್ಟಿತು: ನಿಮಗಿರುವುದು ಎರಡು ವಾರ, ಅಷ್ಟರಲ್ಲಿ ವಿಂಡೋಸ್ ಅಪ್‌ಡೇಟ್ ಮಾಡಿ, ಆಂಟಿವೈರಸ್ ಹೊಸದು ಮಾಡಿ, ಕಂಪ್ಯೂಟರನ್ನು ತಪಾಸಣೆಗೆ ಹಚ್ಚಿ. ಗೇಮ್‌ಓವರ್ ಝ್ಯೂಸ್ ಎಂಬ ಬ್ಯಾಂಕ್ ಕಳ್ಳನೂ ಕ್ರಿಪ್ಟೊಲಾಕರ್ ಎಂಬ ಒತ್ತೆಕೋರನೂ ಕೂಡಿಕೊಂಡು ನಡೆಸುತ್ತಿದ್ದ ಜಾಲವನ್ನು ಅಮೆರಿಕದ ಎಫ್‌ಬಿಐ ಮತ್ತು ಯುರೋಪಿನ ಪೊಲೀಸರು ಸೇರಿ ತಾತ್ಕಾಲಿಕವಾಗಿ ಹರಿದಿದ್ದರು. ಕಳ್ಳರು ಅದನ್ನು ಮತ್ತೆ ಹೆಣೆದುಕೊಳ್ಳುವ ಮೊದಲು ಸಿಕ್ಕ ಬಿಡುವು ಆ ಎರಡು ವಾರ. ಬ್ರಿಟನ್ನಿನಲ್ಲೇ 15,500ಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಸೋಂಕು ತಗುಲಿದೆ ಎಂದು ಸಂಸ್ಥೆ ಹೇಳಿತು. ಸಲಹೆ ಪಡೆಯಲು ಜನ ಒಮ್ಮೆಲೇ ಮುಗಿಬಿದ್ದ ಹೊಡೆತಕ್ಕೆ, ಸರ್ಕಾರ ತೋರಿಸಿದ ಗೆಟ್ ಸೇಫ್ ಆನ್‌ಲೈನ್ ಎಂಬ ತಾಣವೇ ಕುಸಿದು ಕೂತಿತು. ಹಲವು ದೇಶಗಳ ಪೊಲೀಸರು ತಮ್ಮ ಪಾಲಿನ ಕೆಲಸ ಮುಗಿಸಿ, ಉಳಿದದ್ದು ನಿಮ್ಮ ಮನೆಯ ಬಾಕ್ಸ್ ರೂಮಿನಲ್ಲಿದೆ ಎಂದು ನಾಗರಿಕರಿಗೆ ಹೇಳಿದ ಪ್ರಸಂಗ ಇದು. ಅವರು ಹೇಳಿದ್ದರಲ್ಲಿ ಇಂಥ ಕಂಪನಿಗೆ ಇಷ್ಟು ಹಣ ಕಟ್ಟಿ ಎಂಬ ಮಾತಿರಲಿಲ್ಲ ಎಂಬುದನ್ನು ಗಮನಿಸಬೇಕು. ಉಚಿತ ಉಪಕರಣಗಳೂ ಸಾಕು ಎಂದೇ ಆ ದಿನಗಳಲ್ಲಿ ಸಲಹೆ ಹೋಯಿತು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ನಮ್ಮ ಮನೆಯಲ್ಲಿ ಕದಿಯಲು ಏನಿದೆ ಸ್ವಾಮಿ? ನಾಲ್ಕು ಮದುವೆಯ ಫೋಟೊ, ಒಂದಿಷ್ಟು ಹಳೆಯ ಹಾಡು. ಈ ಮಾತಿನಲ್ಲಿ ನಾವು ಕಳ್ಳನನ್ನು ಹಳೆಯ ಕಾಲದವನೆಂದು ಭಾವಿಸಿದ್ದೇವೆ. ಈಗಿನ ಹೌನ್ಸ್ಲೋ ಪೇಟೆಯ ಪಕ್ಕದ ಹೌನ್ಸ್ಲೋ ಹೀತ್ ಬಯಲು ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಕುದುರೆ ಏರಿ ಬರುವ ದರೋಡೆಕೋರರಿಗೆ ದೇಶಕ್ಕೆಲ್ಲ ಹೆಸರಾಗಿತ್ತು. ಲಂಡನ್ನಿನಿಂದ ಬಾತ್ ಕಡೆಗೆ ಹೋಗುವ ಸಾರೋಟುಗಳು ಅದೇ ದಾರಿಯಲ್ಲಿ ಹೋಗಬೇಕಿತ್ತು. ಸಿಕ್ಕಿಬಿದ್ದ ಕಳ್ಳರ ಹೆಣಗಳನ್ನು ರಸ್ತೆಯ ಬದಿಯ ಕಂಬಗಳಿಗೆ ತೂಗುಹಾಕುತ್ತಿದ್ದರು. ಆ ದರೋಡೆಕೋರ ಸಾರೋಟಿನ ಅಂದಚಂದ ನೋಡಿ, ಇದರಲ್ಲಿ ಹಣವಂತರಿದ್ದಾರೆಯೇ ಎಂದು ಅಂದಾಜು ಮಾಡಿ ಆಮೇಲೆ ಕುದುರೆ ಬಿಡುತ್ತಿದ್ದ. ಬಡವನ ಗಾಡಿಗೆ ಅವನಿಂದ ಅಷ್ಟು ಭಯವಿರಲಿಲ್ಲ. ಈಗಿನವನು ನೋಡುವುದೂ ಇಲ್ಲ, ಆರಿಸುವುದೂ ಇಲ್ಲ. ಅವನ ಪ್ರೋಗ್ರಾಮು ಲೋಕದ ಪ್ರತಿ ಬಾಗಿಲನ್ನೂ ತಟ್ಟುತ್ತ ಹೋಗುತ್ತದೆ; ತೆರೆದದ್ದು ಯಾವುದಾದರೂ ಸರಿ. ಒಳಗೆ ಚಿನ್ನವಿಲ್ಲದಿದ್ದರೂ ಆ ಮನೆಯೇ ಅವನಿಗೆ ಉಪಯೋಗ, ಅಲ್ಲಿ ನಿಂತು ಇನ್ನೊಬ್ಬರ ಮೇಲೆ ಕಲ್ಲೆಸೆಯಬಹುದು. 2016ರ ನವೆಂಬರಿನಲ್ಲಿ ಮಿರಾಯ್ ಎಂಬ ಹುಳದ ಒಂದು ಬಗೆ ಮನೆಗಳ ಇಂಟರ್ನೆಟ್ ರೌಟರುಗಳಿಗೆ ನುಗ್ಗಲು ಹೋಗಿ ಜರ್ಮನಿಯಲ್ಲಿ ಸುಮಾರು 9 ಲಕ್ಷ, ಬ್ರಿಟನ್ನಿನಲ್ಲಿ ಪೋಸ್ಟ್ ಆಫೀಸ್ ಬ್ರಾಡ್‌ಬ್ಯಾಂಡಿನ ಸುಮಾರು 1 ಲಕ್ಷ ಗ್ರಾಹಕರ ಸಂಪರ್ಕ ಕಡಿದುಹೋಯಿತು. ಆ ರೌಟರುಗಳಲ್ಲಿ ಯಾರ ಚಿನ್ನವೂ ಇರಲಿಲ್ಲ. ಅವುಗಳನ್ನು ಸೇರಿಸಿ ಸೈನ್ಯ ಕಟ್ಟುವುದಷ್ಟೇ ಉದ್ದೇಶ. ರೌಟರಿಗೆ ಆಂಟಿವೈರಸ್ ಹಾಕಲು ಬರುವುದಿಲ್ಲ. ಅಪ್‌ಡೇಟ್ ಮಾಡಲು ಮಾತ್ರ ಬರುತ್ತದೆ ಎಂಬುದೂ ನೆನಪಿರಲಿ.

ಮನೆಯ ಕಂಪ್ಯೂಟರ್ ಎಂಬುದು ಸಣ್ಣ ವಸ್ತು ಎನ್ನುವವರಿಗೆ ಹೌನ್ಸ್ಲೋದಲ್ಲೇ ಒಂದು ಉತ್ತರವಿದೆ. ವೈರಸ್ಸಿಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಹೇಳದೆ ಬಿಡುವಂಥದ್ದಲ್ಲ. 2010ರ ಮೇ 6ರಂದು ನ್ಯೂಯಾರ್ಕಿನ ಷೇರುಪೇಟೆಯ ಡೌ ಸೂಚ್ಯಂಕ ಕೆಲವೇ ನಿಮಿಷಗಳಲ್ಲಿ ಹತ್ತಿರಹತ್ತಿರ ಸಾವಿರ ಅಂಶ ಕುಸಿದು ಮತ್ತೆ ಎದ್ದಿತು. ಐದು ವರ್ಷದ ನಂತರ, ಆ ಕುಸಿತಕ್ಕೆ ಕೈ ಹಾಕಿದವರಲ್ಲಿ ಒಬ್ಬನೆಂದು ಅಮೆರಿಕದ ಅಧಿಕಾರಿಗಳು ಹೆಸರಿಸಿದ್ದು ನವೀಂದರ್ ಸಿಂಗ್ ಸರಾವ್ ಎಂಬಾತನನ್ನು. ಆತ ವ್ಯಾಪಾರ ನಡೆಸುತ್ತಿದ್ದದ್ದು ಹೌನ್ಸ್ಲೋದ ತಂದೆತಾಯಿಯ ಮನೆಯ ಮಲಗುವ ಕೋಣೆಯಿಂದ. ಆತ ತಪ್ಪೊಪ್ಪಿಕೊಂಡ, 2020ರ ಜನವರಿಯಲ್ಲಿ ಶಿಕಾಗೊ ನ್ಯಾಯಾಲಯ ಒಂದು ವರ್ಷ ಮನೆಯಲ್ಲೇ ಇರು ಎಂದು ತೀರ್ಪಿತ್ತಿತು. ಮನೆಯಲ್ಲೇ ಕೂತು ಮಾಡಿದ ತಪ್ಪಿಗೆ ಮನೆಯಲ್ಲೇ ಕೂರುವ ಶಿಕ್ಷೆ! ಇರಲಿ. ಇಲ್ಲಿಯ ಒಂದು ಮಹಡಿ ಕೋಣೆಯ ಕಂಪ್ಯೂಟರು ಅಟ್ಲಾಂಟಿಕ್ಕಿನ ಆಚೆ ತಲುಪಬಲ್ಲದು ಎಂದಾದರೆ, ಅಲ್ಲಿಂದಲೂ ಯಾರೋ ಈ ಕೋಣೆಗೆ ತಲುಪಬಲ್ಲರು. ಅದರಲ್ಲೂ ವಲಸೆ ಬಂದ ಕುಟುಂಬಕ್ಕೆ ಈ ಯಂತ್ರದ ಭಾರ ಹೆಚ್ಚು. 2024ರ ಕೊನೆಗೆ ಬ್ರಿಟನ್ನಿನ ಪ್ಲಾಸ್ಟಿಕ್ ನಿವಾಸ ಕಾರ್ಡುಗಳ ಕಾಲ ಮುಗಿದು ಇ-ವೀಸಾ ಬಂತು. ಈ ದೇಶದಲ್ಲಿ ಇರುವ ಹಕ್ಕೇ ಈಗ ಒಂದು ಆನ್‌ಲೈನ್ ಖಾತೆ. ಇಲ್ಲಿಯ ಬ್ಯಾಂಕು, ಮಂಡ್ಯದ ಬ್ಯಾಂಕಿನ ಎನ್‌ಆರ್‌ಓ ಖಾತೆ, ಭಾರತದ ಆದಾಯ ತೆರಿಗೆ, ಓಸಿಐ ಅರ್ಜಿಗೆ ಸ್ಕ್ಯಾನ್ ಮಾಡಿದ ಪಾಸ್‌ಪೋರ್ಟು, ಎಲ್ಲವೂ ಅದೇ ಯಂತ್ರದಲ್ಲಿ, ಅನೇಕ ಮನೆಗಳಲ್ಲಿ ಒಂದೇ ಪಾಸ್‌ವರ್ಡಿನಲ್ಲಿ. ಕದಿಯಲು ಏನೂ ಇಲ್ಲ ಎನ್ನುವ ಮನೆಯಲ್ಲಿ ಎರಡು ದೇಶದ ಗುರುತುಪತ್ರ ಇರುತ್ತದೆ.

ಇನ್ನು ಹಣದ ಮಾತು. ನವೀಕರಣದ ವ್ಯವಹಾರವನ್ನು ಅನುಮಾನದಿಂದ ನೋಡಲು ನನಗೆ ಇರುವ ಆಧಾರ ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರದ ಕಡತ. ಆಂಟಿವೈರಸ್ ಕಂಪನಿಗಳು ಗ್ರಾಹಕರ ಕಾರ್ಡಿನಿಂದ ವರ್ಷವರ್ಷವೂ ತಾವಾಗಿಯೇ ಹಣ ತೆಗೆದುಕೊಳ್ಳುವ ಪದ್ಧತಿಯ ಮೇಲೆ ಅದು 2018ರ ಡಿಸೆಂಬರಿನಲ್ಲಿ ತನಿಖೆ ಶುರುಮಾಡಿತು. ಮೊದಲ ವರ್ಷದ ಬೆಲೆ ಅಗ್ಗ, ಎರಡನೆಯ ವರ್ಷದ್ದು ದುಬಾರಿ. ಹಳೆಯ ಗ್ರಾಹಕ ಹೊಸಬನಿಗಿಂತ ಹೆಚ್ಚು ತೆರುತ್ತಿದ್ದಾನೆ ಎಂಬುದು ಅವನಿಗೇ ತಿಳಿಯುತ್ತಿರಲಿಲ್ಲ. ಮಾಹಿತಿ ಕೊಡಲು ನಾರ್ಟನ್ ಕಂಪನಿ ಹಿಂದೇಟು ಹಾಕಿದಾಗ ಪ್ರಾಧಿಕಾರ ಅದನ್ನು ನ್ಯಾಯಾಲಯಕ್ಕೂ ಕರೆದೊಯ್ದಿತು. ಕೊನೆಗೆ 2021ರ ಮೇ ತಿಂಗಳಲ್ಲಿ ಮೆಕಾಫಿಯೂ ಜೂನಿನಲ್ಲಿ ನಾರ್ಟನ್ನೂ ಬರೆದುಕೊಟ್ಟವು: ಹಣ ತಾನಾಗಿ ಕಡಿತವಾಗುತ್ತದೆ ಎಂಬುದನ್ನೂ ಬೆಲೆ ಏರುತ್ತದೆ ಎಂಬುದನ್ನೂ ಮುಂಚೆಯೇ ಸ್ಪಷ್ಟವಾಗಿ ಹೇಳುತ್ತೇವೆ, ಬೇಡವೆಂದವರಿಗೆ ಉಳಿದ ಅವಧಿಯ ಹಣ ಹಿಂದಿರುಗಿಸುತ್ತೇವೆ. ಇವು ಕಳಪೆ ಮಾಲು ಮಾರಿದವು ಎಂದು ನಾನು ಹೇಳುತ್ತಿಲ್ಲ. ಪ್ರಾಧಿಕಾರವೂ ಹಾಗೆ ಹೇಳಲಿಲ್ಲ. ಮಾಲು ಚೆನ್ನಾಗಿಯೇ ಇತ್ತು. ಮಾರುವ ರೀತಿ ಮಾತ್ರ ಗ್ರಾಹಕನ ಮರೆವು, ಭಯ ಎರಡನ್ನೂ ನೆಚ್ಚಿಕೊಂಡಿತ್ತು.

ಈ ಭಯದ ಬೆಲೆ ಎಪ್ಪತ್ತು ಪೌಂಡಿಗೆ ಮುಗಿಯುವುದಿಲ್ಲ. ಕೆಂಪು ಬಣ್ಣ, ದೊಡ್ಡ ಅಕ್ಷರ, ಈಗಲೇ ಎಂಬ ಅವಸರ, ಕಾರ್ಡ್ ನಂಬರ್ ತುಂಬುವ ಜಾಗ, ಇದನ್ನು ಕಂಡರೆ ಯೋಚಿಸದೆ ಒಪ್ಪಿಕೊಳ್ಳಬೇಕು ಎಂದು ಒಂದಿಡೀ ತಲೆಮಾರಿಗೆ ವರ್ಷವರ್ಷವೂ ಪಾಠವಾಗಿದೆ. ಆ ಪಾಠದ ಫಲ ಉಣ್ಣುತ್ತಿರುವವರು ವಂಚಕರು. ಪರದೆ ತುಂಬ ಎಚ್ಚರಿಕೆ ಬಂದು, ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಸಿಕ್ಕಿದೆ, ಈ ನಂಬರಿಗೆ ಫೋನ್ ಮಾಡಿ ಎನ್ನುತ್ತದೆ. ಅಥವಾ ಹೆಸರಾಂತ ಆಂಟಿವೈರಸ್ಸಿನ ಹೆಸರಿನಲ್ಲಿ ಇ-ಮೇಲ್ ಬರುತ್ತದೆ: ನಿಮ್ಮ ಚಂದಾ ನವೀಕರಣವಾಗಿದೆ, ಮುನ್ನೂರು ಪೌಂಡು ಕಡಿತವಾಗಲಿದೆ, ಬೇಡವಾದರೆ ಕರೆ ಮಾಡಿ. ಅಸಲಿ ಚೌಕವನ್ನೂ ನಕಲಿ ಚೌಕವನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹೇಳುವುದು ನುರಿತವರಿಗೂ ಕಷ್ಟ. ನಕಲಿಯವನು ಅಸಲಿಯ ಶೈಲಿಯನ್ನೇ ಕದ್ದಿದ್ದಾನೆ. ಆ ನಂಬರಿಗೆ ಕರೆ ಮಾಡಿದರೆ ಎತ್ತುವವರು ಅನೇಕ ಸಲ ನಮ್ಮ ದೇಶದವರೇ, ಹೇಳಿಕೊಳ್ಳಲು ನಾಚಿಕೆಯಾದರೂ ನಿಜ. 2020ರ ಮಾರ್ಚಿನಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ, ಜಿಮ್ ಬ್ರೌನಿಂಗ್ ಎಂಬ ಮಾರುಹೆಸರಿನ ಹವ್ಯಾಸಿ ಪತ್ತೇದಾರನ ನೆರವಿನಿಂದ, ದಿಲ್ಲಿ ಬಳಿಯ ಗುರುಗ್ರಾಮದ ಅಂಥ ಒಂದು ಕಾಲ್ ಸೆಂಟರನ್ನು ಅದರ ಸಿಸಿಟಿವಿ ಕ್ಯಾಮೆರಾದ ಮೂಲಕವೇ ತೋರಿಸಿತು. ಬ್ರಿಟನ್ನಿನ ಮುದುಕರು ಫೋನಿನಲ್ಲಿ ಗೋಗರೆಯುತ್ತಿದ್ದರೆ ಈ ಕಡೆ ಹುಡುಗರು ನಗುತ್ತಿದ್ದರು. ಫೋನ್ ಮಾಡಿದವರನ್ನು ಪೆದ್ದರು ಎನ್ನುವ ಮೊದಲು, ಅವರು ಹತ್ತು ವರ್ಷದಿಂದ ಜವಾಬ್ದಾರ ಗ್ರಾಹಕರಾಗಿ ಅದೇ ಕೆಂಪು ಚೌಕಕ್ಕೆ ಹಣ ಕಟ್ಟಿದವರೂ ಇರಬಹುದು ಎಂಬುದನ್ನು ನೆನೆಯಬೇಕು. ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಹಣ ಹೋದ ಅನುಮಾನ ಬಂದರೆ ಬ್ರಿಟನ್ನಿನಲ್ಲಿ 159 ಒತ್ತಿದರೆ ಹೆಚ್ಚಿನ ಬ್ಯಾಂಕುಗಳಿಗೆ ನೇರ ಸಂಪರ್ಕ ಸಿಗುತ್ತದೆ, ಭಾರತದಲ್ಲಿ 1930.

ಬಿಟ್ಟಿ ಸಿಕ್ಕಿದ ಕಾವಲುಗಾರ ನಿದ್ದೆ ಮಾಡುತ್ತಾನೆ ಎಂಬುದು ಎರಡನೆಯ ಆಕ್ಷೇಪ. ಹಣ ಕೊಡದ ವಸ್ತುವನ್ನು ನಂಬದಿರುವುದು ನಮ್ಮ ಮಧ್ಯಮ ವರ್ಗದ ಹಳೆಯ ವಿವೇಕ, ತಳ್ಳಿಹಾಕುವಂಥದ್ದಲ್ಲ. ಮೈಕ್ರೋಸಾಫ್ಟಿನ ಮೊದಮೊದಲ ಆಂಟಿವೈರಸ್ ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿದ್ದುದೂ ಹೌದು. ಆದರೆ ಜರ್ಮನಿಯ ಮಾಗ್ಡೆಬರ್ಗಿನ ಎವಿ-ಟೆಸ್ಟ್ ಎಂಬ ಸ್ವತಂತ್ರ ಪ್ರಯೋಗಾಲಯದ ಈಚಿನ ವರ್ಷಗಳ ಪಟ್ಟಿ ನೋಡಿದರೆ ಡಿಫೆಂಡರ್ ಹಣದವುಗಳ ಸಾಲಿನಲ್ಲೇ ಪೂರ್ಣ ಅಂಕ ಪಡೆಯುತ್ತಿದೆ. ಅದು ಪೂರ್ತಿ ಬಿಟ್ಟಿಯೂ ಅಲ್ಲ. ವಿಂಡೋಸಿಗೆ ನಾವು ಕೊಟ್ಟ ಹಣದಲ್ಲಿ ಅದರ ಪಾಲೂ ಇದೆ. ಹಾಗೆಂದು ಹಣದ ಆಂಟಿವೈರಸ್ ಯಾರಿಗೂ ಬೇಡ ಎಂದು ಸಾಧಿಸಲು ನಾನು ಹೊರಟಿಲ್ಲ. ಮನೆಯಿಂದಲೇ ಗ್ರಾಹಕರ ಲೆಕ್ಕಪತ್ರ ನೋಡಿಕೊಳ್ಳುವವರು, ಮಕ್ಕಳ ಐದಾರು ಸಾಧನಗಳ ಮೇಲೆ ಒಂದೇ ಕಡೆಯಿಂದ ನಿಗಾ ಇಡಬೇಕಾದವರು, ತೊಡಕಾದಾಗ ಮಾತಾಡಲು ಒಬ್ಬ ಮನುಷ್ಯ ಬೇಕೇಬೇಕು ಎನ್ನುವವರು ಧಾರಾಳವಾಗಿ ಕೊಳ್ಳಲಿ. ಬೇಕೆಂದು ಕೊಳ್ಳಲಿ, ಹೆದರಿ ಕೊಳ್ಳುವುದು ಬೇಡ ಎಂಬುದಷ್ಟೇ ನನ್ನ ಮಾತು. ಕೊಳ್ಳುವುದಾದರೂ ಕೆಂಪು ಚೌಕದೊಳಗಿನ ಗುಂಡಿ ಒತ್ತದೆ, ಕಂಪನಿಯ ತಾಣಕ್ಕೆ ತಾವೇ ಹೋಗಿ ಹೊಸ ಗ್ರಾಹಕರ ಬೆಲೆ ಎಷ್ಟೆಂದು ನೋಡಿ ಕೊಳ್ಳಲಿ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ, ಮತ್ತು ಅದಕ್ಕೆ ಸಾಕ್ಷಿ ಇದೇ ಹೌನ್ಸ್ಲೋ ಬರೋದೊಳಗೆ ಇದೆ. ಅಪ್‌ಡೇಟ್ ಮಾಡಿ ಎನ್ನುತ್ತೀರಿ, ಅಪ್‌ಡೇಟೇ ಹಾಳು ಮಾಡಿದರೆ? 2024ರ ಜುಲೈ 19ರ ಬೆಳಿಗ್ಗೆ ಓಸ್ಟರ್ಲಿಯಲ್ಲಿ ಕೇಂದ್ರ ಕಚೇರಿ ಇರುವ ಸ್ಕೈ ಸಂಸ್ಥೆಯ ಸುದ್ದಿವಾಹಿನಿ ಪ್ರಸಾರವನ್ನೇ ಕಳೆದುಕೊಂಡಿತು. ಇಂಗ್ಲೆಂಡಿನ ಕುಟುಂಬ ವೈದ್ಯರ ಕಚೇರಿಗಳಲ್ಲಿ ರೋಗಿಗಳ ದಾಖಲೆ ತೆರೆಯಲಿಲ್ಲ. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಕಾರಣ ಯಾವ ಕಳ್ಳನೂ ಅಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ದೋಷವಿದ್ದ ಒಂದು ಅಪ್‌ಡೇಟು. ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಬಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಅದೇ ಮೊದಲೂ ಅಲ್ಲ. 2010ರ ಏಪ್ರಿಲ್ 21ರಂದು ಮೆಕಾಫಿಯ ಒಂದು ಅಪ್‌ಡೇಟು ವಿಂಡೋಸ್ ಎಕ್ಸ್‌ಪಿಯ ಒಂದು ಮುಖ್ಯ ಕಡತವನ್ನೇ ವೈರಸ್ ಎಂದು ತಿಳಿದು ಹಿಡಿದುಹಾಕಿತ್ತು. ಕಂಪ್ಯೂಟರುಗಳು ಏಳುತ್ತ ಬೀಳುತ್ತ ಇಡೀ ದಿನ ಕಳೆದವು. ಹಾಗಾಗಿ, ಚೆನ್ನಾಗಿ ಓಡುತ್ತಿರುವುದನ್ನು ಯಾಕೆ ಕೆದಕಬೇಕು ಎನ್ನುವವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ನೋಡಿ. ಕ್ರೌಡ್‌ಸ್ಟ್ರೈಕಿನ ಆ ತಪ್ಪು ಕಡತ 78 ನಿಮಿಷ ಮಾತ್ರ ಹೊರಗಿತ್ತು, ಆಮೇಲೆ ಕಂಪನಿಯೇ ಹಿಂದಕ್ಕೆ ಪಡೆಯಿತು. ಬಿದ್ದ ಕಂಪ್ಯೂಟರುಗಳನ್ನು ಕೈಯಿಂದ ಎಬ್ಬಿಸಬೇಕಾಯಿತು ನಿಜ, ಆದರೆ ಯಾರ ಹಣವೂ ಕಳುವಾಗಲಿಲ್ಲ, ಫೋಟೊಗಳಿಗೆ ಬೀಗ ಬೀಳಲಿಲ್ಲ. ಅದು ದೊಡ್ಡ ಸಂಸ್ಥೆಗಳು ಕೊಳ್ಳುವ ತಂತ್ರಾಂಶ. ಬಾಕ್ಸ್ ರೂಮಿನ ಕಂಪ್ಯೂಟರಿನಲ್ಲಿ ಅದು ಇರುವುದೇ ಇಲ್ಲ. ಈಗ ಅಪ್‌ಡೇಟ್ ಮಾಡದ ಕಡೆಯ ಲೆಕ್ಕ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸಿನ ಒಂದು ಬಿರುಕಿಗೆ ತೇಪೆ ಕಳಿಸಿತು, ಬೆಂಬಲವಿದ್ದ ವಿಂಡೋಸ್ ಬಳಸುವವರಿಗೆಲ್ಲ ಉಚಿತ. ಎರಡು ತಿಂಗಳು ತುಂಬುವ ಮೊದಲೇ, ಮೇ 12ರಂದು, ಅದೇ ಬಿರುಕಿನಿಂದ ವನ್ನಾಕ್ರೈ ಎಂಬ ಹುಳ ನುಗ್ಗಿತು. ಇಂಗ್ಲೆಂಡಿನ 236 ಆಸ್ಪತ್ರೆ ಟ್ರಸ್ಟುಗಳಲ್ಲಿ ಕನಿಷ್ಠ 81 ಅದರ ಹೊಡೆತ ತಿಂದವು. ಸುಮಾರು 19,000 ರೋಗಿಗಳ ತಪಾಸಣೆ, ಶಸ್ತ್ರಚಿಕಿತ್ಸೆಗಳು ರದ್ದಾಗಿರಬಹುದು ಎಂದು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಅಂದಾಜಿಸಿತು. ಆಂಧ್ರಪ್ರದೇಶದ ಪೊಲೀಸ್ ಠಾಣೆಗಳ ಕಂಪ್ಯೂಟರುಗಳೂ ಕಟ್ಟಿಹೋದವು. ಸೋಂಕು ತಗುಲಿದ ಆಸ್ಪತ್ರೆ ಕಂಪ್ಯೂಟರುಗಳಲ್ಲಿ ಬಹುಪಾಲು ಓಬೀರಾಯನ ಕಾಲದ ಎಕ್ಸ್‌ಪಿ ಅಲ್ಲ, ತೇಪೆ ಸಿಗುತ್ತಿದ್ದ ವಿಂಡೋಸ್ 7 ಎಂದು ಆ ವರದಿಯೇ ಹೇಳುತ್ತದೆ. ತೇಪೆ ಬಂದಿತ್ತು, ಹಾಕುವ ಕೈ ಇರಲಿಲ್ಲ. ಡೆವನ್ ಜಿಲ್ಲೆಯ ಮಾರ್ಕಸ್ ಹಚಿನ್ಸ್ ಎಂಬ ಯುವಕ ಆ ಹುಳದೊಳಗೆ ಅಡಗಿದ್ದ ಒಂದು ವೆಬ್ ವಿಳಾಸವನ್ನು ತನ್ನ ಹೆಸರಿಗೆ ನೋಂದಾಯಿಸಿದ ಕೂಡಲೆ ಅದು ಹರಡುವುದು ನಿಂತಿತು. ಇಲ್ಲದಿದ್ದರೆ ಲೆಕ್ಕ ಇನ್ನೂ ಬೆಳೆಯುತ್ತಿತ್ತು. ಎರಡು ತಟ್ಟೆಯನ್ನೂ ತೂಗಿದರೆ ಯಾವುದು ಕೆಳಗಿಳಿಯುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆಂಟಿವೈರಸ್ಸಿನ ಕಾಲವೇ ಮುಗಿಯಿತು, ಆ ಚರ್ಚೆಯೇ ಯಾಕೆ ಎನ್ನುವವರೂ ಇದ್ದಾರೆ. ಇವರಿಗೆ ದೊಡ್ಡ ಬಾಯಿಯ ಬೆಂಬಲವೂ ಇದೆ. ನಾರ್ಟನ್ ಮಾರುತ್ತಿದ್ದ ಸಿಮ್ಯಾಂಟೆಕ್ ಕಂಪನಿಯ ಬ್ರಯನ್ ಡೈ ಎಂಬ ಹಿರಿಯ ಅಧಿಕಾರಿಯೇ 2014ರ ಮೇ ತಿಂಗಳಲ್ಲಿ, ಆಂಟಿವೈರಸ್ ಸತ್ತಿದೆ, ಅರ್ಧಕ್ಕಿಂತ ಕಡಿಮೆ ದಾಳಿಗಳನ್ನಷ್ಟೇ ಅದು ಹಿಡಿಯುತ್ತದೆ ಎಂದು ವಾಲ್‌ಸ್ಟ್ರೀಟ್ ಜರ್ನಲ್ ಪತ್ರಿಕೆಗೆ ಹೇಳಿದರು. ಅದಾಗಿ ನಾಲ್ಕೇ ವಾರಕ್ಕೆ ಇಲ್ಲಿಯ ಅಪರಾಧ ಸಂಸ್ಥೆ ಎರಡು ವಾರದ ಗಡುವು ಕೊಟ್ಟದ್ದು. ಸತ್ತದ್ದನ್ನು ಅಪ್‌ಡೇಟ್ ಮಾಡಿ ಎಂದು ಯಾವ ಪೊಲೀಸರೂ ಹೇಳುವುದಿಲ್ಲವಷ್ಟೆ. ಡೈ ಅವರ ಮಾತಿನಲ್ಲಿ ಸತ್ಯವಿದ್ದರೆ ಅದು ನನ್ನ ವಾದಕ್ಕೇ ಬಲ. ಪಟ್ಟಿ ಹಿಡಿದು ನಿಂತ ಕಾವಲುಗಾರ ಒಬ್ಬನೇ ಸಾಲದು ಎಂದಾದ ಮೇಲೆ ಅವನ ಚಂದಾ ಕಟ್ಟಿ ನೆಮ್ಮದಿಯಾಗಿ ಮಲಗುವುದು ಹೇಗೆ ಸಾಕಾದೀತು? ವಿಂಡೋಸ್, ಬ್ರೌಸರು, ರೌಟರು, ಎಲ್ಲದರ ಬಿರುಕೂ ಮುಚ್ಚುತ್ತಿರಬೇಕು. ಫೋಟೊಗಳ ಒಂದು ಪ್ರತಿ ಬೇರೊಂದು ಡಿಸ್ಕಿನಲ್ಲಿ, ಕಂಪ್ಯೂಟರಿಗೆ ಸಿಕ್ಕಿಸದೆ, ಇರಬೇಕು.

ನಮ್ಮ ಊರಿನ ಕಂಪ್ಯೂಟರುಗಳಲ್ಲಿ, ಚಂದಾ ಕಟ್ಟಿ ಬಿರುಕು ಮರೆಯುವ ಈ ತಲೆಕೆಳಗು ಇನ್ನೂ ಸೊಗಸಾಗಿ ಕಾಣುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿಕೊಂಡು ತಂದ ಪೆಟ್ಟಿಗೆ. ಅಂಗಡಿಯವನು ಹಾಕಿಕೊಟ್ಟ ಕಳ್ಳ ವಿಂಡೋಸ್. ಅದರ ಕಾವಲಿಗೆ, ಪುಣೆಯ ಕ್ವಿಕ್ ಹೀಲ್ ಕಂಪನಿಯದೋ ಇನ್ನೊಂದರದೋ, ದುಡ್ಡು ಕೊಟ್ಟು ಕೊಂಡ ಅಸಲಿ ಆಂಟಿವೈರಸ್. ಕಳ್ಳತನ ಬಯಲಾಗಬಾರದೆಂದೋ, ಡಾಂಗಲ್ಲಿನ ಡೇಟಾ ಖಾಲಿಯಾಗಬಾರದೆಂದೋ ವಿಂಡೋಸಿನ ಅಪ್‌ಡೇಟನ್ನು ಮಾತ್ರ ಅಂಗಡಿಯಲ್ಲೇ ಮುಚ್ಚಿಸಿರುತ್ತಿದ್ದರು. ಆಂಟಿವೈರಸ್ಸಿನ ಮೂರು ವರ್ಷದ ಕೀ ಮುಗಿದ ದಿನ ಮನೆಯೆಲ್ಲ ಚಿಂತೆ. ಗೋಡೆಯಲ್ಲಿ ಮೂರು ವರ್ಷದಿಂದ ಇದ್ದ ಕಿಂಡಿಯ ಬಗ್ಗೆ ಯಾರಿಗೂ ಚಿಂತೆಯಿಲ್ಲ. ಭಾರತ ಸರ್ಕಾರವೇ 2017ರ ಫೆಬ್ರವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರ ತೆರೆದು ಸೋಂಕು ತೆಗೆಯುವ ಉಪಕರಣಗಳನ್ನು ಉಚಿತವಾಗಿ ಕೊಡುತ್ತಿದೆ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾದದ್ದೆಂದು ನಾವು ಹೆಮ್ಮೆಪಡುತ್ತೇವೆ. ಸ್ವಚ್ಛತಾ ಕೇಂದ್ರದ ಹೆಸರು ಕೇಳಿದವರು ಮಾತ್ರ ಕಡಿಮೆ. ಕಾರಣ ಊಹಿಸುವುದು ಕಷ್ಟವಲ್ಲ. ಉಚಿತವಾದದ್ದಕ್ಕೆ ಕೆಂಪು ಚೌಕದ ಜಾಹೀರಾತು ಇರುವುದಿಲ್ಲ.

ಆಂಟಿವೈರಸ್ಸಿನ ಅವಧಿ ಮುಗಿದರೆ ಅಬ್ಬರ ಮಾಡುವ ಪರದೆ, ಅದಕ್ಕಿಂತ ಎಷ್ಟೋ ದೊಡ್ಡ ಅವಧಿ ಮುಗಿದಾಗ ತೀರ ಮೆಲುದನಿಯಲ್ಲಿ ಮಾತಾಡಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಇಲ್ಲಿ ಎಂಥ ಆಂಟಿವೈರಸ್ ಕೊಂಡರೂ ವಿಂಡೋಸಿನ ಬಿರುಕಿಗೆ ಅದು ತೇಪೆ ಹಾಕಲಾರದು. ಡಿಫೆಂಡರಿನ ಪಟ್ಟಿಗಳು 2028ರ ಅಕ್ಟೋಬರಿನವರೆಗೂ ಬರುತ್ತವೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅದನ್ನು ಕೇಳಿ ಸುಮ್ಮನಾದರೆ ಮತ್ತೆ ಅದೇ ತಪ್ಪು. ಹೆಚ್ಚುವರಿ ತೇಪೆಗಳನ್ನು 2026ರ ಅಕ್ಟೋಬರ್ 13ರವರೆಗೆ ಮನೆಯ ಬಳಕೆದಾರರಿಗೂ ಕೊಡುವುದಾಗಿ ಕಂಪನಿ ಪ್ರಕಟಿಸಿತು. ಬ್ರಿಟನ್ನಿನಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗಿ ಸೆಟ್ಟಿಂಗ್ಸ್ ಬ್ಯಾಕಪ್ಪನ್ನು ಆನ್ ಮಾಡಿದವರಿಗೆ ಇದಕ್ಕೆ ಹಣವಿಲ್ಲ. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಟಿಪಿಎಂ 2.0 ಚಿಪ್ಪು ಬೇಕು, ಇಂಟೆಲ್ ಆದರೆ ಎಂಟನೆಯ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಚೆನ್ನಾಗಿ ಓಡುತ್ತಿರುವ ಎಷ್ಟೋ ಯಂತ್ರಗಳು ಈ ಹೊಸ್ತಿಲು ದಾಟವು. ಗಟ್ಟಿಮುಟ್ಟಾದ ಕಂಪ್ಯೂಟರನ್ನು ಕಸಕ್ಕೆ ಹಾಕಿಸುವ ಈ ನಿಯಮವನ್ನು ನಾನು ಸಮರ್ಥಿಸಲಾರೆ. ಅಂಥದಕ್ಕೆ ಲಿನಕ್ಸ್ ಹಾಕಿಕೊಂಡು ಬ್ರೌಸರಿನಲ್ಲೇ ಎಲ್ಲ ಕೆಲಸ ಮಾಡಿಕೊಳ್ಳಬಹುದು, ಅದೂ ಉಚಿತ. ಸ್ವಲ್ಪ ತಾಳ್ಮೆ ಬೇಕು.

ಮುಂದಿನ ಸಲ ಕೆಂಪು ಚೌಕ ಎದ್ದಾಗ ಮಾಡಬೇಕಾದದ್ದು ಇಷ್ಟೆ. ಚೌಕದೊಳಗೆ ಏನನ್ನೂ ಒತ್ತಬೇಡಿ. ಅವಧಿ ಮುಗಿದ ಆಂಟಿವೈರಸ್ಸನ್ನು ಸೆಟ್ಟಿಂಗ್ಸಿನ ಆ್ಯಪ್‌ಗಳ ಪಟ್ಟಿಯಿಂದ ತೆಗೆದುಹಾಕಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ಹಸಿರು ಗುರುತು ಬಂದಿದೆಯೇ ನೋಡಿ. ಆಮೇಲೆ ವಿಂಡೋಸ್ ಅಪ್‌ಡೇಟಿನ ಪುಟಕ್ಕೆ ಹೋಗಿ ಬಾಕಿ ಇರುವುದನ್ನೆಲ್ಲ ಹಾಕಿಸಿಕೊಳ್ಳಿ. ಆಂಟಿವೈರಸ್ ಕಂಪನಿಯ ಖಾತೆಯಲ್ಲಿ ತಾನಾಗಿ ನವೀಕರಣ ಎಂಬುದು ಆನ್ ಇದ್ದರೆ ಆಫ್ ಮಾಡಿ. ಭಾನುವಾರ ಊರಿಗೆ ವಿಡಿಯೊ ಕರೆ ಮಾಡಿದಾಗ ಅಪ್ಪನ ಕಂಪ್ಯೂಟರಿನಲ್ಲೂ ಇದನ್ನೇ ಮಾಡಿಸಿ, ಪರದೆಯ ಮೇಲೆ ಕಾಣುವ ಯಾವ ನಂಬರಿಗೂ ಫೋನ್ ಮಾಡಬೇಡಿ ಎಂದು ಅವರಿಗೆ ಬಿಡಿಸಿ ಹೇಳಿ.